ಜಾಬ್ ಕಾರ್ಡ್‌ನಲ್ಲಿ ಇಲ್ಲದ ಒಂದು ಸಾಲು

ತವಂದಿ ಘಾಟ್ ಎಂದರೆ ನಮ್ಮ ಕಡೆಯವರಿಗೆ ಬೇರೆ ವಿವರಣೆ ಬೇಕಿಲ್ಲ. ನಿಪ್ಪಾಣಿ ಬಿಟ್ಟು ಸಂಕೇಶ್ವರದ ಕಡೆ ಹೊರಟರೆ ಹೆದ್ದಾರಿ ಅಲ್ಲಿ ಗುಡ್ಡ ಏರುತ್ತದೆ. ಲೋಡ್ ಹೇರಿಕೊಂಡ ಲಾರಿಗಳು ಏದುಸಿರು ಬಿಡುತ್ತ ಹತ್ತುವ ಜಾಗವದು. 2023ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಅದೇ ಏರಿನಲ್ಲಿ ನಮ್ಮ ಐದು ತಿಂಗಳ ಹೊಸ ಕಾರು ಇದ್ದಕ್ಕಿದ್ದಂತೆ ಬಂದ್ ಬಿತ್ತು.

ಆಯಿಯನ್ನು, ಅಂದರೆ ನನ್ನ ಅಜ್ಜಿಯನ್ನು, ಕಣ್ಣಿನ ತಪಾಸಣೆಗೆಂದು ಬೆಳಗಾವಿಗೆ ಕರೆದೊಯ್ಯುತ್ತಿದ್ದೆವು. ಅಪ್ಪ ಗಾಡಿ ಓಡಿಸುತ್ತಿದ್ದರು. ಎಂಜಿನ್ ಸದ್ದು ನಿಂತಿತು, ಬ್ರೇಕ್ ಕಲ್ಲಿನಂತೆ ಗಟ್ಟಿಯಾಯಿತು, ಗಾಡಿ ನಿಧಾನಕ್ಕೆ ಹಿಂದಕ್ಕೆ ಜಾರತೊಡಗಿತು. ಹಿಂದೆ ಲಾರಿ. ಅಪ್ಪ ಹ್ಯಾಂಡ್ ಬ್ರೇಕ್ ಎಳೆದರು. ಲಾರಿಯ ಡ್ರೈವರ್ ಅಣ್ಣ ಹಾರ್ನ್ ಹೊಡೆಯುತ್ತ ಪಕ್ಕಕ್ಕೆ ತಿರುಗಿಸಿಕೊಂಡ. ನಾನು ಇಳಿದು ಟೈರಿಗೆ ಕಲ್ಲು ಇಟ್ಟೆ. ಆಯಿ ಮಾತ್ರ ಒಳಗೇ ಕುಳಿತು, ‘ಹೊಸಾ ಗಾಡಿಗೂ ಕಲ್ಲ ಕೊಡಬೇಕಾ ತಂಗೀ?’ ಎಂದು ಕೇಳಿದಳು. ಆಗ ನನಗೆ ನಗು ಬರಲಿಲ್ಲ.

ಅರ್ಧ ತಾಸಿನ ಬಳಿಕ ಅಪ್ಪ ಕೀಲಿ ತಿರುಗಿಸಿದರೆ, ಏನೂ ಆಗಿಲ್ಲವೆಂಬಂತೆ ಗಾಡಿ ಚಾಲೂ ಆಯಿತು. ಮುಂದಿನ ಒಂದೂವರೆ ವರ್ಷ ನಮ್ಮನ್ನು ಕಾಡಿದ್ದು ಇದೇ ‘ಏನೂ ಆಗಿಲ್ಲ’ ಎಂಬ ಮಾತು.

ಗಡಿಯಾಚೆ ಕೊಂಡ ಗಾಡಿ

ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ, ಬೆಳಗಾವಿ ದೂರ. ಕಾಗವಾಡ, ಅಥಣಿಯವರಿಗೆ ಮಿರಜ, ಸಾಂಗಲಿ ಹತ್ತಿರ. ಸೀರೆ, ಬಂಗಾರ, ದವಾಖಾನೆ, ಕಾಲೇಜು ಎಲ್ಲಕ್ಕೂ ನಾವು ಗಡಿ ದಾಟುತ್ತೇವೆ. ಕಾರಿಗೂ ಹಾಗೆಯೇ. ಕಬ್ಬಿನ ಬಿಲ್ ಬಂದಿತ್ತು. ಅದಕ್ಕೆ ಬ್ಯಾಂಕ್ ಸಾಲ ಸೇರಿಸಿ, ದೀಪಾವಳಿ ಪಾಡ್ಯಕ್ಕೆ ಗಾಡಿ ಮನೆಗೆ ತರಬೇಕೆಂದು ಅಪ್ಪ ಕೊಲ್ಹಾಪುರದ ಒಂದು ಶೋರೂಮಿಗೆ ಹೋದರು. ಬೆಲೆ 8 ಲಕ್ಷ 60 ಸಾವಿರ. ತಾತ್ಕಾಲಿಕ ನಂಬರಿನ ಮೇಲೆ ಕೊಗನೊಳ್ಳಿ ಟೋಲ್ ದಾಟಿ ಊರಿಗೆ ತಂದು, ತೆರಿಗೆ ಕಟ್ಟಿ, ಚಿಕ್ಕೋಡಿಯಲ್ಲಿ ‘ಕೆಎ 23’ ಮಾಡಿಸಿದೆವು. ಅವ್ವ ಬಾನೆಟ್ಟಿನ ಮೇಲೆ ಕುಂಕುಮದಿಂದ ಸ್ವಸ್ತಿಕ ಬರೆದಳು.

ಮೊದಲ ಸಲ ಗಾಡಿ ನಿಂತದ್ದು ಡಿಸೆಂಬರಿನಲ್ಲಿ, ಚಿಕ್ಕೋಡಿ ರಸ್ತೆಯಲ್ಲಿ. ‘ಪೆಟ್ರೋಲ್ ಕಸಾ ಇದ್ದೀತು’ ಎಂದರು ಅಪ್ಪ. ಎರಡನೆಯ ಸಲ ನಿಂತಾಗ ಶೋರೂಮಿಗೆ ಒಯ್ದೆವು. ಅಲ್ಲಿನ ಸರ್ವಿಸ್ ಅಡ್ವೈಸರ್ ಒಂದು ಸುತ್ತು ಹೊಡೆದು ಬಂದು, ‘ಕಾಹೀ ನಾಹೀ ಕಾಕಾ, ಗಾಡಿ ಏಕದಮ್ ಓಕೆ’ ಎಂದ. ತೊಳೆದು ಒರೆಸಿ ಕೊಟ್ಟರು. ಅಪ್ಪ ತೋರಿಸಿದಲ್ಲಿ ಸಹಿ ಹಾಕಿದರು.

ಹೀಗೆ ಐದು ಸಲ. ಗಾಡಿ ದಾರಿಯಲ್ಲಿ ನಿಲ್ಲುತ್ತಿತ್ತು, ಶೋರೂಮಿನಲ್ಲಿ ನಿಲ್ಲುತ್ತಿರಲಿಲ್ಲ. ಹಲ್ಲು ನೋವು ದವಾಖಾನೆಯ ಬಾಗಿಲಿಗೆ ಹೋದಾಗ ಮಾಯವಾಗುವುದಿಲ್ಲವೇ, ಹಾಗೆ. ಕೊನೆಗೆ ಅಲ್ಲಿಯ ಮ್ಯಾನೇಜರ್, ‘ನಿಮ್ಮ ಓಡಿಸುವ ರೀತಿಯಲ್ಲಿಯೇ ಏನೋ ತಪ್ಪಿದೆ’ ಎಂದುಬಿಟ್ಟರು. ಮೂವತ್ತು ವರ್ಷ ಟ್ರ್ಯಾಕ್ಟರ್ ಹೊಡೆದ ಮನುಷ್ಯನಿಗೆ ಈ ಮಾತು! ಅಪ್ಪ ಅಂದು ಮನೆಗೆ ಬಂದು ಊಟ ಮಾಡಲಿಲ್ಲ. ಅಲ್ಲಿಯವರೆಗೆ ರೊಕ್ಕದ ಪ್ರಶ್ನೆಯಾಗಿದ್ದದ್ದು ಅಂದಿನಿಂದ ಮರ್ಯಾದೆಯ ಪ್ರಶ್ನೆಯಾಯಿತು.

ವಕೀಲರು ಕೇಳಿದ ಮೊದಲ ಪ್ರಶ್ನೆ

ಚಿಕ್ಕೋಡಿಯ ವಕೀಲರೊಬ್ಬರ ಬಳಿ ಹೋದೆವು. ಅಪ್ಪ ತವಂದಿ ಘಾಟಿನ ಕಥೆಯನ್ನು ಆವೇಶದಿಂದ ಹೇಳಿದರು. ವಕೀಲರು ಸಮಾಧಾನದಿಂದ ಕೇಳಿ, ‘ಅದೆಲ್ಲಾ ಖರೇರಿ. ಕಾಗದ ಏನೇನ ಅದಾವ?’ ಎಂದರು.

ಮನೆಯಲ್ಲಿ ಕಪಾಟು ತಡಕಾಡಿ ಐದು ಜಾಬ್ ಕಾರ್ಡ್ ಹುಡುಕಿದೆ. ಜಾಬ್ ಕಾರ್ಡ್ ಎಂದರೆ ಗಾಡಿಯನ್ನು ಸರ್ವಿಸಿಗೆ ಬಿಟ್ಟಾಗ ಅವರು ತುಂಬುವ ಹಾಳೆ. ‘ಗ್ರಾಹಕರ ದೂರು’ ಎಂದು ಅದರಲ್ಲಿ ಒಂದು ಜಾಗವಿರುತ್ತದೆ. ನಮ್ಮ ಐದರಲ್ಲಿ ಮೂರರಲ್ಲಿ ಆ ಜಾಗದಲ್ಲಿ ‘ಜನರಲ್ ಚೆಕಪ್’ ಎಂದಿತ್ತು. ಒಂದರಲ್ಲಿ ‘ವಾಷಿಂಗ್’ ಎಂದಿತ್ತು. ಒಂದರಲ್ಲಿ ಮಾತ್ರ ‘ಸ್ಟಾರ್ಟಿಂಗ್ ತೊಂದರೆ’ ಎಂದಿತ್ತು. ‘ಓಡುತ್ತಿರುವಾಗ ಎಂಜಿನ್ ಬಂದ್ ಆಗುತ್ತದೆ’ ಎಂಬ ಸಾಲು ಎಲ್ಲಿಯೂ ಇರಲಿಲ್ಲ. ಅಪ್ಪ ಮರಾಠಿಯಲ್ಲಿ ಹೇಳಿದ್ದರು, ಅವರು ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದರು, ಕನ್ನಡದಲ್ಲಿ ಸಹಿ ಬಿದ್ದಿತ್ತು. ಮೂರು ಭಾಷೆಯ ನಡುವೆ ನಮ್ಮ ದೂರು ಕಳೆದುಹೋಗಿತ್ತು. ಕಾಗದದ ಪ್ರಕಾರ ನಮ್ಮ ಗಾಡಿಗೆ ಯಾವ ರೋಗವೂ ಇರಲಿಲ್ಲ.

ನಾನು ಬಿ.ಕಾಂ. ಓದುತ್ತಿದ್ದೆ. ಎಲ್ಲ ಕಡೆ ಗಾಡಿ ಓಡಿಸಿಕೊಂಡು ಹೋಗಿದ್ದಕ್ಕೆ ಬೇರೆ ಯಾವುದಾದರೂ ಗುರುತು ಉಳಿದಿರಲೇಬೇಕು ಅನಿಸಿತು. ಫಾಸ್ಟ್ಯಾಗ್ ಖಾತೆ ತೆಗೆದು ನೋಡಿದೆ. ಕೊಗನೊಳ್ಳಿ ಟೋಲ್ ದಾಟಿದ ದಿನಾಂಕ, ವೇಳೆ ಎಲ್ಲವೂ ಅಲ್ಲಿತ್ತು. ಜಾಬ್ ಕಾರ್ಡಿನ ದಿನಾಂಕಗಳಿಗೆ ತಾಳೆ ಆಯಿತು. ಎರಡು ಸಲ ಕ್ರೇನ್ ಕರೆಸಿದ ರಸೀದಿ ಇತ್ತು. ಘಾಟಿನಲ್ಲಿ ನಾನು ತೆಗೆದಿದ್ದ ವಿಡಿಯೊ ಇತ್ತು. ಶೋರೂಮಿನವನಿಗೆ ಕಳಿಸಿದ್ದ ವಾಟ್ಸ್‌ಆ್ಯಪ್ ಸಂದೇಶಗಳಿದ್ದವು. ಎಲ್ಲಕ್ಕಿಂತ ದೊಡ್ಡದು ಅಪ್ಪನ ಲೆಕ್ಕದ ವಹಿ. ಆಳಿನ ಪಗಾರ, ಗೊಬ್ಬರದ ಚೀಲದ ನಡುವೆ ‘ಗಾಡಿ ಬಂದ್, ಹತ್ತರಗಿ’, ‘ಗಾಡಿ ಬಂದ್, ತವಂದಿ’ ಎಂದು ತಾರೀಖು ಹಾಕಿ ಬರೆದಿಟ್ಟಿದ್ದರು. ಒಟ್ಟು ಹನ್ನೊಂದು ಸಲ.

ವಕೀಲರು ಆ ವಹಿ ನೋಡಿ ಮೊದಲ ಬಾರಿ ನಕ್ಕರು. ‘ಇದು ಬೇಕಿತ್ತು’ ಎಂದರು.

ಕೊಲ್ಹಾಪುರಕ್ಕೆ ಅಲೆಯಬೇಕೇ?

ನಮ್ಮ ಕಾಕಾ ಮೊದಲೇ ಹೆದರಿಸಿದ್ದರು. ‘ಗಾಡಿ ತಗೊಂಡದ್ದು ಮಹಾರಾಷ್ಟ್ರದಾಗ, ಕೇಸೂ ಅಲ್ಲೇ ಹಾಕಬೇಕು. ಅಲ್ಲಿ ವಕೀಲರನ್ನ ಹಿಡಿದು, ತಾರೀಖಿಗೊಮ್ಮೆ ಓಡಾಡಿ ಸಾಯಬೇಕು.’

ಅವರ ಮಾತು ಹಳೆಯ ಕಾಲಕ್ಕೆ ಸರಿ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಎದುರು ಪಕ್ಷದವರು ವ್ಯವಹಾರ ನಡೆಸುವ ಕಡೆ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಕಡೆ ದೂರು ಕೊಡಬೇಕಿತ್ತು. ಆದರೆ 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಹೊಸ ಕಾಯ್ದೆಯ 34ನೇ ಕಲಮಿನಲ್ಲಿ ಒಂದು ಪುಟ್ಟ ಸೇರ್ಪಡೆಯಿದೆ: ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೂ ದೂರು ಕೊಡಬಹುದು. ಬೇರೆ ಊರಿನವರಿಗೆ ಇದು ಸಣ್ಣ ಅನುಕೂಲ ಅನ್ನಿಸೀತು. ಗಡಿ ತಾಲ್ಲೂಕಿನ ನಮಗೆ ಇದು ಬಹಳ ದೊಡ್ಡದು. ಮಿರಜದಲ್ಲಿ ಗಾಡಿ ಕೊಂಡ ಕಾಗವಾಡದವನು, ಸಾಂಗಲಿಯಲ್ಲಿ ಕೊಂಡ ಅಥಣಿಯವನು, ಕೊಲ್ಹಾಪುರದಲ್ಲಿ ಕೊಂಡ ನಿಪ್ಪಾಣಿಯವನು ಬೆಳಗಾವಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿಯೇ ಕೇಳಬಹುದು. ಬೆಳಗಾವಿಯೂ ನಮಗೆ ಹತ್ತಿರವೇನಲ್ಲ. ಆದರೆ ರಾಯಬಾಗದವರಿಗೆ ರೈಲಿದೆ, ನಮಗೆ ಬಸ್ಸಿದೆ, ಮುಖ್ಯವಾಗಿ ನಮ್ಮ ಭಾಷೆಯಲ್ಲಿ ಅರ್ಜಿ ಬರೆಯಬಹುದು. ಆಯೋಗ ಒಪ್ಪಿದರೆ ವಿಡಿಯೊ ಕಾನ್ಫರೆನ್ಸ್ ಮೂಲಕ ಹಾಜರಾಗಲೂ ಕಾಯ್ದೆಯಲ್ಲಿ ಅವಕಾಶವಿದೆ.

ಖರ್ಚಿನ ಭಯವೂ ನಮಗಿತ್ತು. ಸಿವಿಲ್ ದಾವೆಯಂತೆ ಸಾವಿರಾರು ರೂಪಾಯಿ ಕೋರ್ಟ್ ಫೀ ಎಂದು ತಿಳಿದಿದ್ದೆವು. ಇಲ್ಲಿ ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. 5ರಿಂದ 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. 50 ಲಕ್ಷದವರೆಗಿನ ವಸ್ತುವಿನ ದೂರನ್ನು ಜಿಲ್ಲಾ ಆಯೋಗವೇ ಕೇಳುತ್ತದೆ. ನಾವು ಕಟ್ಟಿದ್ದು 200 ರೂಪಾಯಿ. ಕ್ರೇನಿನವನಿಗೆ ಒಂದು ಸಲಕ್ಕೆ ಕೊಟ್ಟದ್ದು ಇದರ ಹತ್ತು ಪಟ್ಟು! ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ, ನಮ್ಮ ವಾದವನ್ನು ನಾವೇ ಹೇಳಬಹುದು. ಆದರೆ ಎದುರಿಗೆ ಕಂಪನಿಯ ವಕೀಲರು ನಿಲ್ಲುವ ಕಾರಿನಂಥ ಪ್ರಕರಣಕ್ಕೆ ಗೊತ್ತಿದ್ದವರ ಕೈ ಹಿಡಿಯುವುದು ಲೇಸು.

ಜುಲೈನಲ್ಲಿ ಶೋರೂಮಿಗೂ ಕಾರು ತಯಾರಿಸಿದ ಕಂಪನಿಗೂ ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸ್ ಹೋಯಿತು. ಉತ್ತರ ಬರಲಿಲ್ಲ. ಸೆಪ್ಟೆಂಬರಿನಲ್ಲಿ ದೂರು ದಾಖಲಿಸಿದೆವು. ತೊಂದರೆ ಶುರುವಾದ ಎರಡು ವರ್ಷದೊಳಗೆ ದೂರು ಕೊಡಬೇಕೆಂಬ ನಿಯಮವಿದೆ. ‘ಇಂದು ಮಾಡಿಕೊಡ್ತೀವಿ, ನಾಳೆ ಮಾಡಿಕೊಡ್ತೀವಿ’ ಎಂಬ ಮಾತಿಗೆ ಕುಳಿತು ಈ ಅವಧಿ ಕಳೆದುಕೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ.

ಹೊಸ ಗಾಡಿ ಕೊಡ್ತಾರಾ?

ಊರಲ್ಲಿ ಎಲ್ಲರ ಬಾಯಲ್ಲೂ ಇದೊಂದೇ ಪ್ರಶ್ನೆ. ಗಾಡಿ ಕೆಟ್ಟದ್ದಿದ್ದರೆ ಹೊಸದು ಕೊಡಬೇಕು, ಇಲ್ಲವೇ ರೊಕ್ಕ ವಾಪಸು ಕೊಡಬೇಕು ಎಂಬುದು ನಮ್ಮ ಲೆಕ್ಕವಾಗಿತ್ತು. ಕಾಯ್ದೆಯಲ್ಲಿ ಆ ಅಧಿಕಾರ ಆಯೋಗಕ್ಕೆ ಇದೆ. ದೋಷ ಸರಿಪಡಿಸಿ ಎನ್ನಬಹುದು, ಬದಲಿ ವಸ್ತು ಕೊಡಿ ಎನ್ನಬಹುದು, ಬಡ್ಡಿಸಮೇತ ಹಣ ವಾಪಸು ಕೊಡಿ ಎನ್ನಬಹುದು, ಪರಿಹಾರವನ್ನೂ ಕೊಡಿಸಬಹುದು. ಯಾವುದನ್ನು ಕೊಡಿಸುತ್ತದೆ ಎಂಬುದು ಮಾತ್ರ ಸಾಕ್ಷ್ಯದ ಮೇಲೆ ನಿಂತಿದೆ.

ವಕೀಲರು ನಮಗೆ ಕೆಲವು ಹಳೆಯ ತೀರ್ಪುಗಳನ್ನು ಬಿಡಿಸಿ ಹೇಳಿದರು. 2006ರಲ್ಲಿ ಮಾರುತಿ ಉದ್ಯೋಗ್ ಕಂಪನಿಯ ಒಂದು ಪ್ರಕರಣ ಸುಪ್ರೀಂ ಕೋರ್ಟಿನ ಮುಂದಿತ್ತು. ಕ್ಲಚ್ಚಿನ ದೋಷಕ್ಕೆ ಇಡೀ ಕಾರನ್ನೇ ಬದಲಿಸಿಕೊಡಬೇಕೆಂಬ ಕೆಳಗಿನ ಆದೇಶವನ್ನು ಕೋರ್ಟ್ ಒಪ್ಪಲಿಲ್ಲ. ವಾರಂಟಿಯಲ್ಲಿ ಒಪ್ಪಿಕೊಂಡದ್ದು ಕೆಟ್ಟ ಭಾಗದ ದುರಸ್ತಿ ಅಥವಾ ಬದಲಾವಣೆಯನ್ನು, ಇಡೀ ಗಾಡಿಯನ್ನಲ್ಲ ಎಂದಿತು. ಕಾರು ಕಂಪನಿಗಳ ವಕೀಲರು ಮೊದಲು ತೆಗೆಯುವ ಬಾಣ ಇದೇ.

ಹಾಗೆಂದು ಬಾಗಿಲು ಮುಚ್ಚಿಲ್ಲ. ಫಿಯೆಟ್ ಇಂಡಿಯಾ ಕಂಪನಿಯ ಪ್ರಕರಣದಲ್ಲಿ ಎಂಜಿನ್ನಿನ ಸದ್ದಿನ ಬಗ್ಗೆ ದೂರಿತ್ತು. 2010ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸ್ವತಂತ್ರ ತಜ್ಞರು ಪರೀಕ್ಷಿಸಿ ತಯಾರಿಕೆಯಲ್ಲೇ ದೋಷವಿದೆ ಎಂದರೆ ಗಾಡಿಯ ಬೆಲೆ, ಆಜೀವ ತೆರಿಗೆ ಎಲ್ಲವನ್ನೂ ಶೇ 12ರ ಬಡ್ಡಿಯೊಡನೆ ಮರಳಿಸಬೇಕು ಎಂದಿತು. ಅಂದರೆ ತಜ್ಞರ ವರದಿಯೇ ಎಲ್ಲದರ ಕೀಲಿ. ಈಗಿನ ಕಾಯ್ದೆಯಲ್ಲೂ, ನೋಡಿದರೆ ಗೊತ್ತಾಗದ ದೋಷವಿದ್ದಾಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಲು ಆಯೋಗಕ್ಕೆ ಅಧಿಕಾರವಿದೆ. ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರ ಕಟ್ಟಬೇಕು.

ಇನ್ನೊಂದು ತೀರ್ಪು ಕೇಳಿ ಅಪ್ಪ ನೆಟ್ಟಗೆ ಕುಳಿತರು. ದಿಲ್ಲಿಯ ಗ್ರಾಹಕರೊಬ್ಬರು 2015ರಲ್ಲಿ ಹ್ಯುಂಡೈ ಕ್ರೆಟಾ ಕೊಂಡಿದ್ದರು. 2017ರ ನವೆಂಬರಿನಲ್ಲಿ ದಿಲ್ಲಿ–ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತವಾದಾಗ ಏರ್‌ಬ್ಯಾಗ್ ತೆರೆಯಲಿಲ್ಲ, ಗಾಯವಾಯಿತು. ಡಿಕ್ಕಿಯ ರಭಸ ಸಾಲಲಿಲ್ಲ ಎಂಬುದು ಕಂಪನಿಯ ವಾದ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಡಿಕ್ಕಿಯ ವೇಗ, ಬಲದ ಲೆಕ್ಕ ಹಾಕಲು ಗ್ರಾಹಕ ಭೌತವಿಜ್ಞಾನದ ಪಂಡಿತನಾಗಿರಬೇಕಿಲ್ಲ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಪರಿಹಾರದ ಜೊತೆಗೆ ಗಾಡಿಯನ್ನೂ ಬದಲಿಸಿಕೊಡಬೇಕೆಂಬ ಆದೇಶ ಉಳಿಯಿತು. ‘ಹಂಗಾರ ನಾವೂ ಪಂಡಿತರಾಗೂದು ಬ್ಯಾಡ’ ಎಂದರು ಅಪ್ಪ.

ಯಾರ ಮೇಲೆ ಕೇಸು ಹಾಕಬೇಕು ಎಂಬುದೂ ಮುಖ್ಯ. ನಮ್ಮ ಪಕ್ಕದ ಗೋವಾದಲ್ಲಿ ಒಬ್ಬರು 2011ರ ಮಾದರಿಗೆ ಹಣ ಕೊಟ್ಟು, ಈಗಾಗಲೇ ಓಡಿದ್ದ 2009ರ ಮಾದರಿಯ ಕಾರು ಪಡೆದಿದ್ದರು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಡೀಲರ್ ಮಾಡಿದ ಈ ತಪ್ಪಿಗೆ, ಗೊತ್ತಿತ್ತು ಎಂದು ತೋರಿಸದೆ ತಯಾರಕರಾದ ಟಾಟಾ ಮೋಟರ್ಸ್ ಅನ್ನು ಹೊಣೆ ಮಾಡಲಾಗದು ಎಂದಿತು. ದೋಷ ಕಾರ್ಖಾನೆಯದೋ, ಶೋರೂಮಿನದೋ ಎಂದು ನಮಗೆ ಮೊದಲೇ ಗೊತ್ತಿರುವುದಿಲ್ಲ. ಆದ್ದರಿಂದ ಇಬ್ಬರನ್ನೂ ಸೇರಿಸಿ, ಯಾರು ಏನು ಮಾಡಿದರು ಎಂದು ಬೇರೆ ಬೇರೆಯಾಗಿ ಬರೆಯಬೇಕು. ನಾವೂ ಹಾಗೇ ಬರೆದೆವು.

ಕಾಯುವ ದಿನಗಳು

ಕಾಯ್ದೆಯ ಪುಸ್ತಕದಲ್ಲಿ ಎಲ್ಲವೂ ಚುರುಕು. ನೋಟಿಸ್ ತಲುಪಿದ 30 ದಿನಗಳಲ್ಲಿ ಎದುರು ಪಕ್ಷದವರು ಉತ್ತರ ಕೊಡಬೇಕು. ಆಯೋಗ ಹೆಚ್ಚೆಂದರೆ 15 ದಿನ ಸೇರಿಸಿ ಕೊಡಬಹುದು. 45 ದಿನಗಳ ಈ ಗಡಿಯನ್ನು ದಾಟುವಂತಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೇ ಹೇಳಿದೆ. ಸಾಧ್ಯವಾದಷ್ಟು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕು ಎಂದೂ ಇದೆ. ನಿಜದಲ್ಲಿ ತಾರೀಖಿನ ಮೇಲೆ ತಾರೀಖು ಬೀಳುತ್ತದೆ.

ಈ ನಡುವೆ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಗಾಡಿ ಕೆಟ್ಟಿದೆ, ಕೇಸ್ ನಡೆದಿದೆ ಎಂದು ಕಂತು ಬಿಟ್ಟರೆ ಸಾಲದ ಕರಾರು ಮುರಿಯುವುದು ನಾವೇ. ತಂಬಾಕಿನ ರೇಟು ಬಿದ್ದ ವರ್ಷವದು. ಪ್ರತಿ ತಿಂಗಳ ಐದನೇ ತಾರೀಖು ಅಪ್ಪ ಮೌನವಾಗಿರುತ್ತಿದ್ದರು. ಅಂಗಳದಲ್ಲಿ ನಿಂತ ಗಾಡಿಯ ಮೇಲೆ ಕೋಳಿಗಳು ಹತ್ತುತ್ತಿದ್ದವು. ‘ರೊಕ್ಕಾ ಕೊಟ್ಟು ಕೋಳಿಗೂಡು ತಂದಂಗಾತು’ ಎಂದು ಆಯಿ ಅಂದಾಗ ಅವ್ವ ಅವಳನ್ನು ಗದರಿದಳು.

ಓಡಿಸಿದರೆ ಇನ್ನೊಂದು ಪೇಚು. ಕಂಪನಿಯವರು ತಮ್ಮ ಉತ್ತರದಲ್ಲಿ, ‘ಗಾಡಿ ಇಷ್ಟು ಸಾವಿರ ಕಿ.ಮೀ. ಓಡಿದೆ, ದೋಷವಿದ್ದರೆ ಓಡುತ್ತಿತ್ತೇ?’ ಎಂದು ಬರೆದಿದ್ದರು. ಓಡಿಸದೆ ಇದ್ದರೆ ಕಂತು ದಂಡ, ಓಡಿಸಿದರೆ ಕೇಸಿಗೆ ಪೆಟ್ಟು. ಬೇರೆ ದಾರಿಯಿಲ್ಲದೆ ಓಡಿಸಿದ್ದಕ್ಕೆ ಪ್ರತಿ ಸಲವೂ ಕಾರಣ ಬರೆದಿಟ್ಟೆವು.

ಅದೇ ಹೊತ್ತಿಗೆ ನಾನು ಇನ್ನೊಂದು ವಿಷಯ ಓದಿದೆ. 2020ರ ಜುಲೈನಲ್ಲಿ ಮಾರುತಿ ಸುಜುಕಿ ಕಂಪನಿ ಇಂಧನ ಪಂಪಿನ ಶಂಕಿತ ದೋಷಕ್ಕಾಗಿ 1,34,885 ವ್ಯಾಗನ್ಆರ್ ಮತ್ತು ಬಲೆನೊ ಕಾರುಗಳನ್ನು ತಾನಾಗಿಯೇ ವಾಪಸು ಕರೆಸಿ ತಪಾಸಣೆಗೆ ಒಳಪಡಿಸಿತ್ತು. ನಮ್ಮ ಗಾಡಿ ಆ ಕಂಪನಿಯದಲ್ಲ. ಆದರೆ ಪಂಪು ಕೈಕೊಟ್ಟರೆ ಎಂಜಿನ್ನಿಗೆ ಪೆಟ್ರೋಲು ಹೋಗದೆ ಓಡುತ್ತಿರುವಾಗಲೇ ಗಾಡಿ ನಿಲ್ಲಬಹುದು, ತಣ್ಣಗಾದ ಮೇಲೆ ಮತ್ತೆ ಚಾಲೂ ಆಗಲೂಬಹುದು ಎಂದು ನಿಪ್ಪಾಣಿಯ ಗ್ಯಾರೇಜಿನ ಮಾಮಾ ಹೇಳಿದರು. ನಮ್ಮ ಹನ್ನೊಂದು ಸಲದ ಪಟ್ಟಿ ನೋಡಿದೆ. ಒಂಬತ್ತು ಸಲ ನಿಂತದ್ದು ಬಿಸಿಲಿನ ಹೊತ್ತಿನಲ್ಲಿ, ದೂರದ ಓಟದ ಬಳಿಕ. ಶೋರೂಮಿನವರು ಟ್ರಯಲ್ ನೋಡುತ್ತಿದ್ದದ್ದು ಬೆಳಿಗ್ಗೆ, ಹತ್ತು ನಿಮಿಷ! ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಕೋಷ್ಟಕ ಮಾಡಿ ವಕೀಲರಿಗೆ ಕೊಟ್ಟೆ. ಗಾಡಿಯನ್ನು ಬಿಸಿಲಲ್ಲಿ, ದೂರ ಓಡಿಸಿ ಪರೀಕ್ಷಿಸಬೇಕು ಎಂದು ಅವರು ಕೇಳಿದರು.

ಅಪ್ಪನ ಷರತ್ತು

ಆ ಬೇಡಿಕೆಯ ಬಳಿಕ ಕಂಪನಿಯ ಧಾಟಿ ಬದಲಾಯಿತು. ರಾಜಿ ಮಾತುಕತೆಗೆ ಬಂದರು. ಎರಡೂ ಕಡೆಯವರು ಒಪ್ಪಿದರೆ ಮಧ್ಯಸ್ಥಿಕೆಯಲ್ಲಿ ಮುಗಿಸಿಕೊಳ್ಳಲು 2019ರ ಕಾಯ್ದೆಯಲ್ಲಿ ಒಂದು ಅಧ್ಯಾಯವೇ ಇದೆ. ಕಂಪನಿಯ ಎಂಜಿನಿಯರ್ ಬಂದು, ಯಂತ್ರ ಜೋಡಿಸಿ, ನಮ್ಮನ್ನೂ ಕೂರಿಸಿಕೊಂಡು ಮಧ್ಯಾಹ್ನ ಎರಡು ಗಂಟೆಗೆ ತವಂದಿ ಘಾಟ್ ಹತ್ತಿಸಿದರು. ಮೂರನೆಯ ಸುತ್ತಿನಲ್ಲಿ ಗಾಡಿ ನಿಂತಿತು. ಜೀವನದಲ್ಲಿ ಗಾಡಿ ಕೆಟ್ಟದ್ದಕ್ಕೆ ನಾವು ಸಂತೋಷಪಟ್ಟದ್ದು ಅದೊಂದೇ ಸಲ. ಇಂಧನ ಪಂಪಿನ ದೋಷ.

ಅವರು ಮುಂದಿಟ್ಟದ್ದು: ಹೊಸ ಪಂಪು, ಎರಡು ವರ್ಷ ಹೆಚ್ಚಿನ ವಾರಂಟಿ, ಕ್ರೇನು, ಬಾಡಿಗೆ ಗಾಡಿ, ಓಡಾಟ, ವಕೀಲರ ಖರ್ಚು ಎಂದು ನಾವು ಕೇಳಿದ 62 ಸಾವಿರದಲ್ಲಿ 45 ಸಾವಿರ.

ಮನೆಯಲ್ಲಿ ಅಂದು ರಾತ್ರಿ ಜಗಳವೇ ಆಯಿತು. ‘ಸಿಕ್ಕಿಬಿದ್ದಾರಂದ ಮ್ಯಾಲ ಬಿಡೂದ್ಯಾಕ? ಹೊಸಾ ಗಾಡೀನ ತಗೊಳ್ಳೂಣು’ ಎಂದು ಕಾಕಾ ಪಟ್ಟು ಹಿಡಿದರು. ನನಗೂ ಹಾಗೇ ಅನಿಸಿತ್ತು. ವಕೀಲರು ಎರಡೂ ಬದಿ ಹೇಳಿದ್ದರು. ಹೋರಾಡಿದರೆ ಜಿಲ್ಲಾ ಆಯೋಗದಲ್ಲಿ ಗೆಲ್ಲಬಹುದು. ಅವರು ರಾಜ್ಯ ಆಯೋಗಕ್ಕೆ ಹೋಗಬಹುದು, ಅಲ್ಲಿಂದ ಮುಂದಕ್ಕೂ. ಹೈದರಾಬಾದಿನಲ್ಲಿ 2009ರ ಸೆಪ್ಟೆಂಬರಿನಲ್ಲಿ ಕೊಂಡ ಬಿಎಂಡಬ್ಲ್ಯು ಕಾರು ನಾಲ್ಕೇ ದಿನಕ್ಕೆ ಕೈಕೊಟ್ಟು ಹುಟ್ಟಿದ ವ್ಯಾಜ್ಯ ಮುಗಿದದ್ದು 2024ರ ಜುಲೈನಲ್ಲಿ, ಕಂಪನಿ 50 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದಾಗ. ಹದಿನೈದು ವರ್ಷ! ಅಷ್ಟು ತಾಳಿಕೊಳ್ಳುವ ಶಕ್ತಿ ಆ ಗ್ರಾಹಕರಿಗಿತ್ತು. ನಮ್ಮ ಕಂತು ಮುಗಿಯುವುದೇ ಏಳು ವರ್ಷಕ್ಕೆ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: ‘ರೊಕ್ಕಾ ಅವರು ಹೇಳಿದಷ್ಟ ಇರ್ಲಿ. ಆದ್ರ ಗಾಡ್ಯಾಗ ಏನ ಆಗಿತ್ತು ಅಂತ ಬರದ ಕೊಡ್ಲಿ. ನಾ ಓಡಸೂದ್ರಾಗ ತಪ್ಪ ಇತ್ತು ಅಂದ್ರಲ್ಲ, ಅದು ಹೋಗ್ಬೇಕು.’

ಕಂಪನಿಯವರು ತಪ್ಪೊಪ್ಪಿಗೆ ಬರೆದುಕೊಡಲು ಒಪ್ಪಲಿಲ್ಲ. ಎರಡು ತಾರೀಖು ಇದೇ ಮಾತಿನಲ್ಲಿ ಕಳೆಯಿತು. ಕೊನೆಗೆ ವಕೀಲರೇ ದಾರಿ ಹುಡುಕಿದರು. ತಪ್ಪು ಎಂದು ಬರೆಯುವುದು ಬೇಡ, ಜಾಬ್ ಕಾರ್ಡ್ ಸರಿಯಾಗಿ ಬರೆಯಲಿ. ಹಾಗೆ ಆರನೆಯ ಜಾಬ್ ಕಾರ್ಡ್ ಬಂತು. ‘ಗ್ರಾಹಕರ ದೂರು’ ಎಂಬ ಜಾಗದಲ್ಲಿ ‘ಓಡುತ್ತಿರುವಾಗ ಎಂಜಿನ್ ಬಂದ್ ಆಗುತ್ತದೆ’ ಎಂದಿತ್ತು. ಕೆಳಗೆ ‘ಇಂಧನ ಪಂಪು ದೋಷ, ಬದಲಿಸಲಾಗಿದೆ’ ಎಂದಿತ್ತು. ಅಪ್ಪ ಅದನ್ನು ನನ್ನ ಕೈಲಿ ಎರಡು ಸಲ ಓದಿಸಿ, ಅರ್ಥ ಹೇಳಿಸಿಕೊಂಡು, ಆಮೇಲೆ ಸಹಿ ಹಾಕಿದರು.

ನೀವು ಗಾಡಿ ಕೊಳ್ಳುವವರಾದರೆ

ಕಾಕಾ ಈಗಲೂ ‘ನೀವು ಲಗೂ ಬಾಗಿದ್ರಿ’ ಎನ್ನುತ್ತಾರೆ. ಇರಬಹುದು. ಆದರೆ ಈ ಒಂದೂವರೆ ವರ್ಷದಲ್ಲಿ ಕಲಿತದ್ದನ್ನು ನಮ್ಮ ಐದು ತಾಲ್ಲೂಕಿನ ಗೆಳೆಯ ಗೆಳತಿಯರಿಗೆ ಹೇಳಲೇಬೇಕು.

ಡೆಲಿವರಿ ದಿನ ಹಾರ, ಫೋಟೊಗಳ ಗಡಿಬಿಡಿಯಲ್ಲಿ ಇರುತ್ತೇವೆ. ಅದಕ್ಕೆ ಮೊದಲು ಚಾಸಿ ನಂಬರು, ತಯಾರಾದ ತಿಂಗಳು, ವರ್ಷ, ಓಡಿದ ಕಿ.ಮೀ. ಕಾಗದದೊಡನೆ ತಾಳೆ ನೋಡಿ. ಗೋವಾದ ಪ್ರಕರಣ ನೆನಪಿರಲಿ.

ಗಾಡಿ ಸರ್ವಿಸಿಗೆ ಬಿಟ್ಟಾಗ ನಿಮ್ಮ ದೂರನ್ನು ನೀವು ಹೇಳಿದಂತೆಯೇ ಬರೆಸಿ. ಬರೆಯದಿದ್ದರೆ ಸಹಿ ಹಾಕಬೇಡಿ. ಅದೇ ದಿನ ಅದೇ ಮಾತನ್ನು ಕಂಪನಿಗೆ ಇಮೇಲ್ ಮಾಡಿ. ಮನೆಯ ಹಿರಿಯರು ಒಬ್ಬರೇ ಶೋರೂಮಿಗೆ ಹೋಗುತ್ತಿದ್ದರೆ ಜೊತೆಗೆ ಹೋಗಿ. ನಾನು ಮೊದಲ ಸಲವೇ ಹೋಗಿದ್ದರೆ ಆರು ತಿಂಗಳು ಉಳಿಯುತ್ತಿತ್ತು.

ದುಡಿಮೆಗೆಂದು ಗಾಡಿ ಕೊಂಡವರಿಗೆ ಒಂದು ಮಾತು. ವ್ಯಾಪಾರಕ್ಕಾಗಿ ಕೊಂಡ ವಸ್ತುವಿಗೆ ಗ್ರಾಹಕ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಹೆದರಿಸುತ್ತಾರೆ. ಆದರೆ ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲು ಮಾತ್ರ ಒಂದು ಟ್ಯಾಕ್ಸಿಯನ್ನೋ ಗೂಡ್ಸ್ ಗಾಡಿಯನ್ನೋ ಕೊಂಡು ತಾನೇ ಓಡಿಸುವವನು ಗ್ರಾಹಕನೇ. ಕಾಯ್ದೆಯ ವಿವರಣೆಯಲ್ಲೇ ಅದು ಇದೆ.

ಮೊದಲ ಹೆಜ್ಜೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ದೂರು ದಾಖಲಿಸಲು 2025ರ ಜನವರಿಯಿಂದ ‘ಇ-ಜಾಗೃತಿ’ ಜಾಲತಾಣವಿದೆ. ನಿಮ್ಮಂತೆ ಹಲವರಿಗೆ ಒಂದೇ ಮಾದರಿಯ ಗಾಡಿಯಲ್ಲಿ ಒಂದೇ ದೋಷ ಕಂಡರೆ ಅದು ನಿಮ್ಮೊಬ್ಬರ ಕೇಸಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಮಿನ ಪ್ರಕಾರ ಕೇಂದ್ರ ಸರ್ಕಾರ ಅಂಥ ಗಾಡಿಗಳನ್ನು ವಾಪಸು ಕರೆಸಿಕೊಳ್ಳುವಂತೆ ಕಂಪನಿಗೆ ಆದೇಶಿಸಬಹುದು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಸರ್ಕಾರಕ್ಕೆ ಗೊತ್ತಾಗಬೇಕಾದರೆ ನಾವು ದೂರು ಕೊಡಬೇಕು. ನಾವು ನಮ್ಮ ಕೇಸು ಮುಗಿಸಿಕೊಂಡರೂ ಈ ಕೆಲಸ ಉಳಿದಿತ್ತು. ಪರಿವಾಹನ್ ಜಾಲತಾಣದಲ್ಲಿ ನಮ್ಮ ಗಾಡಿಯ ದೋಷವನ್ನೂ ದಾಖಲಿಸಿದೆ. ಇನ್ನೊಬ್ಬರ ಆಯಿ ಘಾಟಿನಲ್ಲಿ ಕುಳಿತು ಕಲ್ಲಿನ ಮಾತು ಕೇಳುವಂತಾಗಬಾರದಲ್ಲ.

ಪಂಪು ಬದಲಾದ ಮೇಲೆ ಗಾಡಿ ಒಮ್ಮೆಯೂ ನಿಂತಿಲ್ಲ. ಮೊನ್ನೆ ಆಯಿಯ ಕಣ್ಣಿನ ಆಪರೇಷನ್ನಿಗೆ ಬೆಳಗಾವಿಗೆ ಹೋಗಿ ಬಂದೆವು. ಬರುವಾಗ ಅವಳ ಕಣ್ಣಿಗೆ ಕಪ್ಪು ಕನ್ನಡಕವಿತ್ತು. ಘಾಟ್ ಬಂತೇ ಎಂದು ಕೇಳಿದಳು. ದಾಟಿ ಆಯಿತು ಎಂದೆ. ‘ಅಪ್ಪನ ವಹಿಯೊಳಗ ಇದನ್ನೂ ಬರಿ’ ಎಂದಳು. ಮನೆಗೆ ಬಂದು ನೋಡಿದರೆ ಅಪ್ಪ ಆಗಲೇ ಬರೆದಿದ್ದರು: ‘ಬೆಳಗಾವಿ ಹೋಗಿ ಬಂದಿದ್ದು. ಗಾಡಿ ಬರೋಬರಿ.’